ಬಿಸಿಲಿಗೂ ಚೀಟಿ ಬರೆದರು

ಔಷಧಿ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವೇ ಇಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಒಂದಲ್ಲ ಒಂದು ತಾನಾಗಿಯೇ ಮೆಟ್ಟಿಲು ಹತ್ತಿ ಬರುತ್ತದೆ. ಹೊಸಪೇಟೆಯಲ್ಲಿ ನಾನು ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ಈಚೆಗೆ ಬರುವ ಪ್ರಸಂಗಗಳು ಹೆಚ್ಚಾಗಿ ವಿಟಮಿನ್ ಡಿ ಸುತ್ತಲೇ. ಮೈಗೆ ಬಿಸಿಲು ಬಿದ್ದರೆ ಚರ್ಮದಲ್ಲೇ ತಯಾರಾಗುವ ವಸ್ತು ಅದು. ಎಲುಬು ಗಟ್ಟಿ ಇರಬೇಕಾದರೆ ಬೇಕೇ ಬೇಕು. ಹಂಪಿಯ ಬಂಡೆಯ ಮೇಲೆ ರೊಟ್ಟಿ ಬೇಯುವಷ್ಟು ಬಿಸಿಲಿರುವ ಸೀಮೆಯಲ್ಲಿ ಅದೇ ಕಡಿಮೆ ಬಿದ್ದಿದೆ ಎಂದು ಜನ ಚೀಟಿ ಹಿಡಿದು ಬಂದರೆ, ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ನನ್ನ ಹೆಂಡತಿ ಅಡುಗೆಮನೆಯಲ್ಲಿ ಜಾರಿ, ನೆಲಕ್ಕೆ ಊರಿದ ಕೈಯ ಮಣಿಕಟ್ಟು ಮುರಿದುಕೊಂಡಳು. ಅಷ್ಟು ಸಣ್ಣ ಪೆಟ್ಟಿಗೆ ಮುರಿಯಬೇಕಾದರೆ ಎಲುಬೇ ಸೊರಗಿದೆ ಎಂದರು ಡಾಕ್ಟರು. ಆವತ್ತಿನಿಂದ ಹಳೆಯ ಪ್ರಸಂಗಗಳು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಆದರೂ ಹೇಳುತ್ತೇನೆ, ಹೇಳದೆ ಇರಲಾರೆ.

೧. ಕಾರಿನೊಳಗಿನ ಬಿಸಿಲು

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರಿಗೆ ಸೊಂಟ ನೋವು. ದಿನಾ ಹತ್ತು ಗಂಟೆಯ ಮೇಲೆ ಇಪ್ಪತ್ತು ನಿಮಿಷ ಬಿಸಿಲಿಗೆ ಕೂಡಿ ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳ ಮೇಲೆ ಅಂಗಡಿಗೆ ಬಂದು ಗೊಣಗಿದರು.

"ಒಂದಿನಾನೂ ತಪ್ಪಿಸಿಲ್ರಿ. ನೋವು ಮಾತ್ರ ಹಂಗ ಐತಿ."

"ಎಲ್ಲಿ ಕುಂದರ್ತೀರಿ?"

"ಗಿರಣಿ ಅಂಗಳದಾಗ. ಕಾರಿನಾಗ."

"ಗಾಜು ಇಳಿಸ್ತೀರಲ್ಲ?"

"ಗಾಜು ಇಳಿಸಿದ್ರ ಏಸಿ ಗಾಳಿ ಎಲ್ಲಾ ಹೊರಗ ಹೋಗ್ತೈತಲ್ರಿ!"

ವಿಟಮಿನ್ ತಯಾರು ಮಾಡುವ ಕಿರಣ ಗಾಜಿನಲ್ಲಿ ತೂರಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಸಾಹುಕಾರರು ತಿರುಗಿ ಹೊರಗೆ ನಿಂತಿದ್ದ ಕಾರನ್ನು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಎರಡು ತಿಂಗಳಿಂದ ಡ್ರೈವರ್‌ನ ಹೊರಗ ನಿಂದರ್ಸಿದ್ದೆ. ನಂದೆಲ್ಲಾ ಅವ ತಗೊಂಡ ನೋಡ್ರಿ!" ಎಂದರು.

ಆ ಸಂಜೆ ಇದನ್ನು ನಟಿಸಿ ತೋರಿಸಿ ಹೆಂಡತಿಯನ್ನು ನಗಿಸಿದೆ. ಅವಳು ನಗುತ್ತಲೇ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ.

೨. ಸೋಮವಾರದ ಗುಳಿಗೆ

ಈ ವಿಟಮಿನ್ನಿನ ಗುಳಿಗೆ ವಾರಕ್ಕೆ ಒಂದೇ. ದಿನಾ ನುಂಗಿದರೆ ಅಪಾಯ. ಜನ ಮರೆಯಬಾರದೆಂದು ನಾನು ಪೊಟ್ಟಣದ ಮೇಲೆ ದಪ್ಪ ಅಕ್ಷರದಲ್ಲಿ 'ಸೋಮವಾರ, ಊಟದ ನಂತರ' ಎಂದು ಬರೆದು ಕೊಡುತ್ತಿದ್ದೆ. ನನ್ನ ಜಾಣತನದ ಬಗ್ಗೆ ನನಗೆ ಹೆಮ್ಮೆ ಇತ್ತು.

ಗಾದಿಗನೂರಿನ ಒಬ್ಬ ಹೆಣ್ಣುಮಗಳು ತಿಂಗಳ ಮೇಲೆ ಬಂದಳು. ನಾನು ಕೊಟ್ಟ ಪೊಟ್ಟಣ ಕೊಟ್ಟ ಹಾಗೆಯೇ ಇತ್ತು.

"ಒಂದೂ ನುಂಗಿಲ್ಲಲ್ಲಬೇ ತಂಗಿ?"

"ಹೆಂಗ ನುಂಗ್ಲಿ? ಊಟ ಆದ ಮ್ಯಾಲ ಅಂತ ಬರದೀರಿ. ಸೋಮವಾರ ನಂದು ಉಪಾಸ!"

"ಮಂಗಳವಾರ ನುಂಗಬೇಕಿತ್ತು."

"ಸೋಮವಾರ ಅಂತ ಬರದು, ಮಂಗಳವಾರ ನುಂಗು ಅಂದ್ರ ಹೆಂಗ? ಓದಿದೋರ ಮಾತಿಗೆ ಒಂದು ನೆಲಿ ಬ್ಯಾಡೇನ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಾಚಿಕೆಯಾಯಿತು. ನಮ್ಮ ಮನೆಯಲ್ಲೂ ಹೆಂಡತಿ ಸೋಮವಾರ ಉಪವಾಸ ಮಾಡುತ್ತಾಳೆ. ಮದುವೆಯಾದಾಗಿನಿಂದ ಆ ದಿನ ಊಟಕ್ಕೆ ಕೂಡುವವನು ನಾನೊಬ್ಬನೇ. ವಾರದಲ್ಲಿ ಏಳು ದಿನಗಳಿದ್ದರೂ ನನಗೆ ಹೊಳೆದದ್ದು ಅದೊಂದೇ ದಿನ!

೩. ಎಮ್ಮಿಗನೂರಿನ ದಾನಿ

ಕಬ್ಬು ಬೆಳೆಯುವ ರೈತ, ಎಮ್ಮಿಗನೂರಿನವನು, ಹೆಂಡತಿಯ ಚೀಟಿ ತಂದಿದ್ದ. ಆಕೆ ಊರಿನಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬೆಳಗಿನಿಂದ ಸಂಜೆಯ ತನಕ ಕತ್ತಲೆ ಕೋಣೆಯಲ್ಲಿ, ಮಷಿನ್ ಮುಂದೆ. ಅವಳಿಗೂ ಇದೇ ಕೊರತೆ. ರೈತ ಹತ್ತಿರ ಬಂದು ಗುಟ್ಟು ಹೇಳುವವನಂತೆ ಕೇಳಿದ.

"ನಾ ಹುಟ್ಟಿದಾಗಿಂದ ಗದ್ದ್ಯಾಗ ಅದೀನಿ. ನನ್ನ ಮೈಯಾಗ ಇದು ಭಾಳ ಇರ್ತದ, ಹೌದಲ್ರಿ?"

"ಇರಬಹುದು."

"ರಕ್ತ ಕೊಟ್ಟಂಗ ನನ್ನ ಪಾಲಿಂದು ಆಕಿಗೆ ಒಂದೀಟು ಕೊಡಾಕ ಬರಂಗಿಲ್ಲೇನು?"

ನಾನು ಬಾಯಿ ತುಂಬ ನಕ್ಕುಬಿಟ್ಟೆ. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಬರಂಗಿಲ್ಲಂದ್ರ ಬಿಡ್ರಿ, ಆಕಿನ್ನ ಮಷಿನ್ ಸಮೇತ ಅಂಗಳಕ್ಕ ತರ್ತೀನಿ" ಎಂದ. ಹೇಳಿದಂತೆ ಮಾಡಿದ ಕೂಡ. ದಿನಾ ಹತ್ತಕ್ಕೆ ಮಷಿನ್ ತಾನೇ ಹೊತ್ತು ಹೊರಗಿಡುವನು, ಸ್ವಲ್ಪ ಹೊತ್ತಿನ ಮೇಲೆ ತಾನೇ ಒಳಗಿಡುವನು. ಮೂರು ತಿಂಗಳ ಮೇಲೆ ಸಿಕ್ಕಾಗ ಹೇಗಿದ್ದಾಳೆ ಎಂದು ಕೇಳಿದೆ.

"ಆಕಿ ನೋವು ಮಸ್ತ್ ಕಡಿಮಿ ಆತ್ರಿ. ಈಗ ನಂಗ ಸೊಂಟ ಹಿಡದೈತಿ. ಅದಕ್ಕೇನರ ಕೊಡ್ರಿ."

ಅವನಿಗೆ ಮುಲಾಮು ಕೊಟ್ಟು ಕಳಿಸಿದೆ. ಹೆಂಡತಿಗಾಗಿ ಹಾಗೆ ಕೇಳಬೇಕೆಂದು ನನಗೆ ಎಂದೂ ತೋಚಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಮ್ಮ ಮನೆಯ ಹಿತ್ತಲ ಗಿಡ ನಾನೇ, ಆ ಗಿಡಕ್ಕೆ ಪುರುಸೊತ್ತೇ ಇರಲಿಲ್ಲ.

೪. ನಮ್ಮ ಮಾಳಿಗೆ

ಈಗ ನಮ್ಮ ಮನೆಯದು. ಇದನ್ನು ಹೇಳಲು ನಾಲಿಗೆ ಹಿಂದೆಮುಂದೆ ನೋಡುತ್ತದೆ.

ಮೊದಲೆಲ್ಲ ಬೇಸಿಗೆ ಬಂತೆಂದರೆ ಹೆಂಡತಿ ಮಾಳಿಗೆಯ ಮೇಲೇ ಇರುತ್ತಿದ್ದಳು. ಸಂಡಿಗೆ, ಹಪ್ಪಳ, ಶಾವಿಗೆ, ಒಣಮೆಣಸಿನಕಾಯಿ. ಅಕ್ಕಪಕ್ಕದ ಹೆಂಗಸರೂ ತಮ್ಮ ತಮ್ಮ ಮಾಳಿಗೆಯಿಂದಲೇ ಮಾತಿಗೆ ನಿಲ್ಲುತ್ತಿದ್ದರು. ಬೇಸಿಗೆ ಮುಗಿದರೂ ಬಟ್ಟೆ ಒಣಹಾಕುವ ನೆವದಲ್ಲಿ ದಿನಾ ಒಂದು ಗಂಟೆ ಅಲ್ಲೇ. ಅವಳ ಕೆಂಪಾದ ಮುಖ ನೋಡಿ ನನಗೆ ಕನಿಕರ ಬಂತು. ಎಂಟು ವರ್ಷದ ಹಿಂದೆ ಮಾಳಿಗೆಗೆಲ್ಲ ತಗಡಿನ ಶೀಟ್ ಹೊದಿಸಿಬಿಟ್ಟೆ.

"ಸಂಡಿಗಿ ಎಲ್ಲಿ ಒಣಗಸ್ಲಿ?" ಎಂದಳು.

"ಕೊಂಡು ತಂದ್ರಾತು. ನೀ ರಾಣಿ ಹಂಗ ನೆಳ್ಳಾಗ ಇರು" ಎಂದೆ.

ರಾಣಿಯ ಹಾಗೆಯೇ ಇದ್ದಳು. ಪ್ರೀತಿಯಿಂದ ಮಾಡಿದ ಕೆಲಸ ಅದು, ಸುಳ್ಳಲ್ಲ. ಆದರೆ ಮೊದಲು ಅಕ್ಕಪಕ್ಕದವರ ಜೊತೆ ಮಾತು ನಿಂತಿತು, ಆಮೇಲೆ ಮೆಟ್ಟಿಲು ಹತ್ತುವುದು ನಿಂತಿತು, ಆಮೇಲೆ ಮೊಣಕಾಲು ನೋವು ಶುರುವಾಯಿತು. "ವಯಸ್ಸಾತಲ್ಲ" ಎಂದು ನಾನು ಮುಲಾಮು ತಂದು ಕೊಟ್ಟೆ. ಊರಿನವರ ನೋವಿಗೆಲ್ಲ ಹತ್ತು ಪ್ರಶ್ನೆ ಕೇಳುವವನು ಅವಳಿಗೆ ಒಂದನ್ನೂ ಕೇಳಲಿಲ್ಲ. ಆ ಎಂಟು ವರ್ಷ ತಿರುಗಿ ಬರುವುದಿಲ್ಲ ಎಂಬುದೇ ನನ್ನನ್ನು ಈಗಲೂ ಕೊರೆಯುತ್ತದೆ.

ಕೈ ಮುರಿದ ದಿನ ಹೆಂಡತಿ ಡಾಕ್ಟರ ಮುಂದೆ ಕೂತಿದ್ದಳು, ಎಕ್ಸ್-ರೇ ಹಿಡಿದು ನಾನು ಪಕ್ಕದಲ್ಲಿ ನಿಂತಿದ್ದೆ. ಹೊಸದಾಗಿ ಬಂದ ಡಾಕ್ಟರು, ನನ್ನ ಗುರುತಿಲ್ಲ.

"ಮನೆಗೆ ಮಾಳಿಗೆ ಇಲ್ಲವೇನಮ್ಮ? ಬಿಸಿಲು ಬರೋದಿಲ್ಲವೇ?"

"ಐತ್ರಿ. ಮ್ಯಾಲ ಶೀಟ್ ಹೊದಿಸ್ಯಾರ."

"ಈ ಊರಲ್ಲಿದ್ದು ಬಿಸಿಲಿಲ್ಲ ಅಂದರೆ ಹೇಗೆ! ಯಾರು ಹೊದಿಸಿದ್ದು?"

ನಾನು ನೆಲ ನೋಡಿದೆ. ಅವಳು, "ಯಾರೋ ಪಾಪ, ಒಳ್ಳೇದಕ್ಕಂತ ಮಾಡ್ಯಾರ ಬಿಡ್ರಿ" ಎಂದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಡಾಕ್ಟರು ಚೀಟಿಯ ಮೇಲೆ ಮೊದಲ ಸಾಲಿನಲ್ಲೇ 'ಬಿಸಿಲು, ದಿನಾ ಇಪ್ಪತ್ತು ನಿಮಿಷ' ಎಂದು ಬರೆದರು. ಕೆಳಗೆ ವಾರದ ಗುಳಿಗೆ ಬರೆದು ಎಚ್ಚರಿಸಿದರು.

"ಇದನ್ನು ತಪ್ಪಿಸಬಾರದು, ಹೆಚ್ಚೂ ನುಂಗಬಾರದು. ನಿಮ್ಮ ಮನೆಯಲ್ಲಿ ಔಷಧಿ ಬಗ್ಗೆ ಸ್ವಲ್ಪ ತಿಳಿದವರು ಯಾರಾದರೂ ಇದ್ದಾರೇನಮ್ಮ?"

ಅವಳು ತಲೆ ಎತ್ತಿ, ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ನನ್ನನ್ನು ಒಂದು ಸಲ ಅಡಿಯಿಂದ ಮುಡಿಯ ತನಕ ನೋಡಿದಳು.

"ತಿಳದೋರು ಯಾರೂ ಇಲ್ರಿ" ಎಂದಳು. "ಇವ್ರು ಔಷಧಿ ಅಂಗಡಿ ಇಟ್ಟಾರ, ಅಷ್ಟ."