ಗಂಟಲು ಕಟ್ಟಿದ ಮೊಸ್ಯೂ

"ಯಾಕ್ರೀ, ಬೆಳಗಿಂದ ಒಂದು ಮಾತೂ ಇಲ್ಲ?" ಎಂದು ಹೆಂಡತಿ ಕೇಳಿದಾಗ ಮೊಸ್ಯೂ ಸುಮ್ಮನೆ ಗಂಟಲು ಮುಟ್ಟಿ ತೋರಿಸಿದ್ದೇ ಎಲ್ಲಕ್ಕೂ ಮೂಲ.

ಮೊಸ್ಯೂ ಅಂಚೆ ಕಚೇರಿಯ ಪಾರ್ಸೆಲ್ ಗುಮಾಸ್ತ. ನಲವತ್ತು ದಾಟಿದ ಮೇಲೆ ಪದವಿಯ ಹುಚ್ಚು ಹಿಡಿದು, ಸಂಜೆ ಕಾಲೇಜು ಸೇರಿ, ಯಾರದೋ ಮಾತು ಕೇಳಿ ಫ್ರೆಂಚ್ ತೆಗೆದುಕೊಂಡಿದ್ದ. ಫ್ರೆಂಚಿನಲ್ಲಿ 'ಶ್ರೀಯುತ' ಎಂದರ್ಥ ಬರುವ ಆ ಹೆಸರು ಸಹೋದ್ಯೋಗಿಗಳು ಇಟ್ಟದ್ದು. ಉಳಿದ ವಿಷಯಗಳೆಲ್ಲ ಪಾಸಾಗಿದ್ದವು. ಫ್ರೆಂಚ್ ಮೌಖಿಕದಲ್ಲಿ ಮಾತ್ರ, ಎರಡು ಸಲವೂ ಅದೇ ಪರೀಕ್ಷಕರ ಅಡ್ಡಪ್ರಶ್ನೆಗಳಿಗೆ ಸಿಕ್ಕಿ ಡುಮ್ಕಿ. ಇವತ್ತು ಹನ್ನೊಂದಕ್ಕೆ ಕೊನೆಯ ಅವಕಾಶ. ಇದೂ ಹೋದರೆ ಪದವಿಗೇ ಎಳ್ಳುನೀರು. ಮೌಖಿಕಕ್ಕೆ ಗೊತ್ತುಮಾಡಿದ್ದ ಐದು ವಿಷಯಗಳಲ್ಲಿ ಬಾಯಿಪಾಠವಾದದ್ದು ಒಂದೂವರೆ: 'ನನ್ನ ಕುಟುಂಬ' ಪೂರ್ತಿ, 'ನನ್ನ ಊರು' ರೈಲು ನಿಲ್ದಾಣದವರೆಗೆ. ಐದು ಗಂಟೆಯಿಂದ ಕಿಟಕಿಗೂ ಅಡುಗೆಮನೆಗೂ ಶತಪಥ ಹಾಕುತ್ತಿದ್ದ.

ಗಂಟಲು ಮುಟ್ಟಿದ ಕೈ ಕೆಳಗಿಳಿಯುವಷ್ಟರಲ್ಲಿ ಉಪಾಯ ಹೊಳೆಯಿತು. ದನಿಯೇ ಇಲ್ಲದವನಿಗೆ ಮೌಖಿಕ ಪರೀಕ್ಷೆ ಹೇಗೆ ಮಾಡುತ್ತಾರೆ? ಮುಂದೆ ಹಾಕಲೇಬೇಕಲ್ಲ!

"ಅಯ್ಯೋ, ಇವತ್ತೇ ಗಂಟಲು ಕಟ್ಬೇಕಾ!" ಹೆಂಡತಿಯ ಕಣ್ಣು ತುಂಬಿತು. ಅವನಿಗೆ ನಿಜಕ್ಕೂ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಂತಿರಲಿಲ್ಲ.

ಮೇಲಿನ ಮನೆಯ ನಿವೃತ್ತ ನರ್ಸಮ್ಮ ಓಡಿ ಬಂದು ಚಮಚದ ಹಿಡಿಯನ್ನು ನಾಲಿಗೆಯ ಬುಡಕ್ಕೆ ಒತ್ತಿದರು. "ನೋಡೋಕೆ ಚೆನ್ನಾಗೇ ಇದೆಯಲ್ಲಪ್ಪ?" ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮೊಸ್ಯೂ ಜೋರಾಗಿ ಕೆಮ್ಮಿದ. "ಹಾಂ, ಒಳಬಾವು!" ಎಂದು ಎರಡು ಚೊಂಬು ಉಪ್ಪುನೀರು ಮುಕ್ಕಳಿಸುವಂತೆ ಮಾಡಿದರು.

ಅಷ್ಟರಲ್ಲಿ ಕೆಳಗಿನ ದರ್ಜಿಯೂ ಹಾಜರ್. "ಶಾಖ ಕೊಟ್ರೆ ಗಂಟೇಲಿ ವಾಸಿ, ಸ್ವಾಮಿ!" ಎನ್ನುತ್ತ, ಇಸ್ತ್ರಿಪೆಟ್ಟಿಗೆಯಲ್ಲಿ ಕಾಯಿಸಿದ ಉಣ್ಣೆ ಬಟ್ಟೆಯನ್ನು ಕೊರಳಿಗೆ ಸುತ್ತಿಯೇಬಿಟ್ಟ. ಬಾಯಿಯವರೆಗೆ ಬಂದ 'ಅಯ್ಯಪ್ಪಾ'ವನ್ನು ಮೊಸ್ಯೂ ಕಷಾಯದಂತೆ ನುಂಗಿದ. ಕಣ್ಣಲ್ಲಿ ಧಾರಾಕಾರ ನೀರು.

"ಪಾಪ, ಪರೀಕ್ಷೆ ತಪ್ತಲ್ಲಾಂತ ದುಃಖ," ಎಂದ ದರ್ಜಿ.

ಬೀದಿ ಮೂಲೆಯ ಡಾಕ್ಟರು ಸಾಲುಗಟ್ಟಿದ್ದ ರೋಗಿಗಳ ಗಡಿಬಿಡಿಯಲ್ಲಿ ಕತ್ತೆತ್ತದೆ ಬರೆದುಕೊಟ್ಟರು: ಏಳು ದಿನ ಮಾತಾಡಕೂಡದು.

ಕಾಲೇಜಿನ ಗುಮಾಸ್ತೆ ಆ ಚೀಟಿಗೆ ಮೊಹರು ಒತ್ತಿ ಪರೀಕ್ಷಾ ಕೊಠಡಿಗೆ ಕಳಿಸಿದಳು. "ಮುಂದಿನ ವಾರ ಬನ್ನಿ. ಹುಷಾರು, ಸರ್." ಮೊಸ್ಯೂಗೆ ಹೋದ ಜೀವ ಬಂದಂತಾಯಿತು. ಏಳು ದಿನ! ರೈಲು ನಿಲ್ದಾಣ ದಾಟಿ ಇಡೀ ಊರು ಸುತ್ತಬಹುದು!

ಮೆಟ್ಟಿಲ ಬಳಿ ಸಹಪಾಠಿ ಹುಡುಗಿ ಕುಣಿಯುತ್ತ ಬಂದಳು. "ಅಂಕಲ್, ಬೇಗ ಹೋಗಿ! ಪರೀಕ್ಷಕರಿಗೆ ಗಂಟಲು ಕಟ್ಟಿದೆ. ಪ್ರಶ್ನೆ ಕೇಳೋಕೇ ಆಗ್ತಿಲ್ಲ. ನಮಗೆ ಬೇಕಾದ ವಿಷಯ ಒಪ್ಪಿಸಿದ್ರೆ ಸಾಕು, ತಲೆಯಾಡಿಸಿ ಪಾಸ್ ಮಾಡ್ತಿದಾರೆ. ನಾನು 'ನನ್ನ ಕುಟುಂಬ' ಹೇಳ್ದೆ!"

ಮೊಸ್ಯೂ ಕೊರಳ ಬಟ್ಟೆ ಕಿತ್ತೆಸೆದು ಓಡಿದ. ಕೊಠಡಿಗೆ ನುಗ್ಗಿದವನೇ ಕುಳಿತುಕೊಳ್ಳದೆ, ಉಸಿರು ತೆಗೆಯದೆ, ಅಜ್ಜನಿಂದ ಹಿಡಿದು ಹೆಂಡತಿಯ ತಮ್ಮನವರೆಗೆ ಇಡೀ ಕುಟುಂಬವನ್ನು ಫ್ರೆಂಚಿನಲ್ಲಿ ಒಪ್ಪಿಸಿದ. ಒಂದು ತಪ್ಪಿಲ್ಲ!

ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದ ಪರೀಕ್ಷಕರು ಕೊನೆಯವರೆಗೂ ಕೇಳಿದರು. ಆಮೇಲೆ ಮೇಜಿನ ಮೇಲಿದ್ದ ಡಾಕ್ಟರ ಚೀಟಿಯನ್ನು ತಿರುಗಿಸಿ, ನಿಧಾನವಾಗಿ ಬರೆದು ಅವನ ಮುಂದೆ ಸರಿಸಿದರು:

"ಚೆನ್ನಾಗಿ ಹೇಳಿದಿರಿ. ಆದರೆ ದಾಖಲೆಯ ಪ್ರಕಾರ ನಿಮಗೆ ದನಿಯಿಲ್ಲ. ಮುಂದಿನ ವಾರ ಬನ್ನಿ, ಅಷ್ಟರಲ್ಲಿ ನನ್ನ ಗಂಟಲು ಸರಿಹೋಗಿರುತ್ತದೆ. 'ನನ್ನ ಕುಟುಂಬ' ಕೇಳಿಯಾಯಿತು. ಪ್ರಶ್ನೆಗಳು ಉಳಿದ ನಾಲ್ಕರಲ್ಲಿ."