ಕಂತಿನ ವ್ರತ

ಡಾಕ್ಟರಾದವರು ಏನು ಬೇಕಾದರೂ ಹೇಳಬಹುದು, 'ನನ್ನ ಹತ್ತಿರ ದುಡ್ಡಿಲ್ಲ' ಎಂದು ಮಾತ್ರ ಹೇಳುವಂತಿಲ್ಲ. ಹೇಳಿದರೆ ಎದುರಿಗಿದ್ದವರು ಜೋಕು ಎಂದುಕೊಂಡು ನಗುತ್ತಾರೆ. ನಾನು ಎಂಬಿಬಿಎಸ್ ಓದಿದ್ದು ಪೂರ್ತಿ ಸಾಲದಲ್ಲಿ. ಕೆ.ಆರ್. ನಗರದಲ್ಲಿ ಬ್ಲೌಸು ಹೊಲಿಯುವ ನಮ್ಮಪ್ಪ ಜಾಮೀನಿನ ಸಹಿ ಹಾಕುವ ಮೊದಲು ಸಾಲದ ಮೊತ್ತವನ್ನು ಮೂರು ಸಲ ಓದಿದ್ದನ್ನು ಕಂಡು ಬ್ಯಾಂಕಿನ ಮ್ಯಾನೇಜರೇ ನೀರು ತರಿಸಿಕೊಟ್ಟಿದ್ದರು. ಈಗ ಹನಗೋಡಿನ ಆಸ್ಪತ್ರೆಯಲ್ಲಿ ಕೆಲಸ. ಸಂಬಳದಲ್ಲಿ ಅರ್ಧ ಕಂತಿಗೆ ಹೋಗುತ್ತದೆ, ಉಳಿದದ್ದರಲ್ಲಿ ಬಹುಪಾಲು ಅಮ್ಮ ಅಡವಿಟ್ಟ ಒಡವೆ ಬಿಡಿಸಲು. ಮಿಕ್ಕಿದ್ದರಲ್ಲಿ ನಾನು.

ಹೀಗಾಗಿ ಗೆಳತಿಯರ ಮದುವೆಗಳಿಗೆಲ್ಲ ಡ್ಯೂಟಿ ಇದೆ ಎಂದು ಹೇಳಿ ತಪ್ಪಿಸಿಕೊಂಡೆ. ಬಸ್ಸಿನ ಖರ್ಚು, ಉಡುಗೊರೆ, ಹೊಸ ಸೀರೆ ಎಲ್ಲ ಉಳಿಯಿತು. ಕ್ರಮೇಣ ಕರೆಯುವವರೂ ಕಡಿಮೆಯಾದರು. ಅದೂ ಒಂದು ಉಳಿತಾಯವೇ ಎಂದು ಮೊದಲು ಖುಷಿಪಟ್ಟವಳು, ಆಮೇಲೆ ಯಾರ ಮೆಸೇಜೂ ಬಾರದ ಫೋನು ಕೆಟ್ಟಿದೆಯೇನೋ ಎಂದು ಹುಣಸೂರಿನ ಅಂಗಡಿಗೆ ಒಯ್ದು ತೋರಿಸಿದೆ. ಫೋನು ಆರೋಗ್ಯವಾಗಿತ್ತು.

ನಾನಿರುವುದು ಗೌರಮ್ಮನವರ ಮನೆಯ ಮಹಡಿಯಲ್ಲಿ, ಬಾಡಿಗೆಗೆ. ಹೊಳೆ ಬದಿಯಲ್ಲಿ ಗದ್ದೆಯಿರುವ, ಮನೆ ತುಂಬ ಜನರಿರುವ ಸಂಸಾರ. ತಿಂಗಳ ಕೊನೆಯ ಒಂದು ಸೋಮವಾರ ನಾನು ಅಡುಗೆ ಮಾಡದ್ದನ್ನು ಕಂಡು ಯಾಕೆಂದು ಕೇಳಿದರು. ಬಾಯಿಗೆ ಬಂದದ್ದು 'ವ್ರತ'. ಅಲ್ಲಿಂದ ಶುರುವಾಯಿತು ಪಜೀತಿ. ಶನಿವಾರವೂ ಒಲೆ ಹಚ್ಚದಿದ್ದಾಗ ಅದನ್ನೂ ವ್ರತಕ್ಕೆ ಸೇರಿಸಬೇಕಾಯಿತು. ಡಾಕ್ಟ್ರಮ್ಮ ಮಹಾ ದೈವಭಕ್ತೆ ಎಂದು ಗೌರಮ್ಮ ಬೀದಿಗೆಲ್ಲ ಹೇಳಿದರು. ರೋಗಿಗಳು ಮಾತ್ರೆಯ ಜೊತೆ ನನ್ನ ಆಶೀರ್ವಾದವನ್ನೂ ಕೇಳತೊಡಗಿದರು. ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಭಾನುವಾರದ್ದು. ಕೆಳಗೆ ನಾಟಿಕೋಳಿ ಸಾರು ಕುದಿಯುತ್ತಿತ್ತು, ಎಲ್ಲರೂ ಸಾಲಾಗಿ ಕೂತು ನಗುತ್ತ ಮುದ್ದೆ ಮುರಿಯುತ್ತಿದ್ದರು. ವ್ರತ ಹಿಡಿದವಳು ಯಾವ ದಿನವೂ ಮಾಂಸ ಮುಟ್ಟುವಂತಿಲ್ಲವೆಂದು ನನಗೆ ಮಾತ್ರ ಮಹಡಿಗೆ ಎರಡು ಬಾಳೆಹಣ್ಣು ಬರುತ್ತಿತ್ತು. ನಾನು ಹುಟ್ಟಿದಾಗಿನಿಂದ ಬಾಡು ತಿಂದು ಬೆಳೆದವಳು. ಆ ಘಮ, ಆ ನಗು, ಎರಡರಲ್ಲಿ ಯಾವುದು ಹೆಚ್ಚು ನೋಯಿಸುತ್ತಿತ್ತೋ ಹೇಳಲಾರೆ.

ಕೊನೆಗೊಂದು ಭಾನುವಾರ ಬಾಳೆಹಣ್ಣು ಹಿಡಿದು ಗೌರಮ್ಮನೇ ಮೇಲೆ ಬಂದರು. ನೋಡುತ್ತಲೇ ನನಗೆ ಅಳು ಬಂತು. ಬಾಳೆಹಣ್ಣು ಕಂಡು ಅತ್ತ ಡಾಕ್ಟರು ಪ್ರಾಯಶಃ ನಾನೊಬ್ಬಳೇ. ಅವರು ಗಾಬರಿಯಾಗಿ ಪಕ್ಕದಲ್ಲಿ ಕೂತರು. ಸಾಲ, ಅಪ್ಪನ ಸಹಿ, ಅಮ್ಮನ ಒಡವೆ, ಸುಳ್ಳು ವ್ರತ ಎಲ್ಲವನ್ನೂ ಹೇಳಿಬಿಟ್ಟೆ. ಮನೆ ಖಾಲಿ ಮಾಡಿಸುತ್ತಾರೆಂದೇ ಎಣಿಸಿದ್ದೆ.

ಅವರು ಬಾಳೆಹಣ್ಣನ್ನು ಪಕ್ಕಕ್ಕಿಟ್ಟು, "ಸಾಲಕ್ಕೂ ಬಾಡಿಗೂ ಏನವ್ವಾ ಸಂಬಂಧ?" ಎಂದರು.

ಬಾಡಿಗೆಯ ಮಾತೆಂದುಕೊಂಡು, ಒಂದನೇ ತಾರೀಖು ತಪ್ಪದೆ ಕೊಡುತ್ತೇನೆ ಎಂದೆ.

"ಬಾಡಿಗೆ ಅಲ್ಲ ಕಣವ್ವ, ಬಾಡು. ಎದ್ ಬಾ, ಮುದ್ದೆ ಆರೋಯ್ತದೆ."

ಕೆಳಗೆ ಎಲ್ಲರೂ ಒತ್ತರಿಸಿ ಕೂತು ಜಾಗ ಮಾಡಿಕೊಟ್ಟರು. ವ್ರತ ಏನಾಯಿತು ಎಂದು ಅವರ ಯಜಮಾನರು ಕೇಳಿದರು. ಉದ್ಯಾಪನೆ ಆಯಿತೆಂದು ಗೌರಮ್ಮನೇ ಹೇಳಿ ನನ್ನ ತಟ್ಟೆಗೆ ಸಾರು ಬಡಿಸಿದರು. ನಾನು ತಲೆಯೆತ್ತದೆ ಎರಡು ಮುದ್ದೆ ಮುಗಿಸಿದೆ.

ಸಾಲ ತೀರಲು ಇನ್ನೂ ಏಳು ವರ್ಷವಿದೆ. ಮಹಡಿಗೆ ಮರಳಿ ಒಬ್ಬಳೇ ಕೂತಾಗ ಹೊಳೆಯಿತು: ಬ್ಯಾಂಕಿನವರು ಕಂತು ಕಟ್ಟಬೇಕೆಂದು ಬರೆಸಿಕೊಂಡಿದ್ದರೇ ಹೊರತು, ಒಬ್ಬಳೇ ಉಣ್ಣಬೇಕೆಂದು ಎಲ್ಲೂ ಬರೆಸಿಕೊಂಡಿರಲಿಲ್ಲ. ಆ ಷರತ್ತು ನಾನೇ ಸೇರಿಸಿಕೊಂಡದ್ದು. ಇಷ್ಟು ತಿಳಿದ ಮೇಲೂ, ಮುಂದಿನ ಭಾನುವಾರ ಕೆಳಗಿನಿಂದ ಕರೆ ಬರುವವರೆಗೆ, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು, ಯಾವುದೋ ರೋಗಿಯನ್ನು ನೋಡಲು ಹೊರಟವಳ ಹಾಗೆ ಮೆಟ್ಟಿಲ ಮೇಲೆ ನಿಂತೇ ಇದ್ದೆ.