ಟಪಾಲು ಸವಾರರಾದ ಬಾನು ಅವರು ಗಾಳಿಯಲ್ಲಿದ್ದ ಅವಧಿಯನ್ನು ಸೇವೆಯಿಂದ ಕಳೆಯುವ ಬಗ್ಗೆ

ಸಂಖ್ಯೆ: ತಾ.ಇ/ಶಿ/ಹಲಗೆ/೪/೧೯೯೫-೯೬ (೧ರಿಂದ ೩ ಹುಡುಕಲಾಗುತ್ತಿದೆ)
ಮೇಲಿನ ಕಚೇರಿ, ಇಳಿಜಾರು ಬೀದಿ, ಶಿಡ್ಲಘಟ್ಟ, ಕೋಲಾರ ಜಿಲ್ಲೆ
ದಿನಾಂಕ: ೧೮-೩-೧೯೯೬, ಸೋಮವಾರ

ಸುತ್ತೋಲೆ

ವಿಷಯ: ಚಕ್ರದ ಹಲಗೆಯ ಮೇಲೆ ನಿಂತು ಟಪಾಲು ಸಾಗಿಸುವ ದಿನಗೂಲಿ ನೌಕರರಾದ ಬಾನು ಎಂಬುವರು ಈ ತಿಂಗಳ ೩೧ಕ್ಕೆ ಹತ್ತು ವರ್ಷ ಮುಗಿಸಿ ಖಾಯಂ ಆಗಿಬಿಡುವುದನ್ನು ತಡೆಯುವ, ಆಗದಿದ್ದಲ್ಲಿ ಅರ್ಧಕ್ಕಾದರೂ ನಿಲ್ಲಿಸುವ ಬಗ್ಗೆ.

ಉಲ್ಲೇಖ: ೧. ಹತ್ತು ವರ್ಷ ಎಡೆಬಿಡದೆ ದುಡಿದ ದಿನಗೂಲಿಯವರನ್ನು ಖಾಯಂ ಮಾಡತಕ್ಕದ್ದೆಂಬ ಮೇಲಿನವರ ಆದೇಶ. (ಓದಲಾಗಿದೆ. ಸಂತೋಷವಾಗಿರುವುದಿಲ್ಲ.)
೨. ಇಳಿಜಾರು ಬೀದಿಯ ಲಕ್ಷ್ಮಿದೇವಮ್ಮನವರು ಕಿಟಕಿಯ ಹೊರಗೆ ನಿಂತು ಹೇಳಿದ ದೂರು.
೩. ತಪಾಸಣೆಗೆ ಬಂದಿದ್ದ ವೆಂಕಟರವಣಪ್ಪನವರು ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಆಕ್ಷೇಪಣೆ.

ಪ್ರಸ್ತಾವನೆ

ಈ ಇಲಾಖೆಯು ೧೯೭೧ರಲ್ಲಿ ತಾತ್ಕಾಲಿಕವಾಗಿ ಆರಂಭವಾಗಿದ್ದು, ಇದರ ಹೆಸರು ಇನ್ನೂ ಪರಿಶೀಲನೆಯಲ್ಲಿದೆ. ಇಲಾಖೆಗೆ ಶಿಡ್ಲಘಟ್ಟದಲ್ಲಿ ಎರಡು ಕಚೇರಿಗಳಿವೆ. ಸಾಹೇಬರು ಮೇಲಿನ ಕಚೇರಿಯಲ್ಲಿದ್ದಾರೆ. ಮೊಹರು ಕೆಳಗಿನ ಕಚೇರಿಯಲ್ಲಿದೆ. ಮೊಹರು ಇರುವ ಕಬ್ಬಿಣದ ಬೀರುವನ್ನು ಏರಿನಲ್ಲಿ ಹೊತ್ತು ತರಲು ಯಾರೂ ಒಪ್ಪದ ಕಾರಣ ಈ ಏರ್ಪಾಡು ಮುಂದುವರಿದಿದೆ. ಆದಕಾರಣ ಮೇಲೆ ಹುಟ್ಟಿದ ಪ್ರತಿ ಕಾಗದವೂ ಒಂದೂವರೆ ಫರ್ಲಾಂಗು ಕೆಳಗಿಳಿದು, ಮೊಹರು ಹಾಕಿಸಿಕೊಂಡ ಮೇಲೆಯೇ ಜೀವ ಪಡೆಯುತ್ತದೆ. ದಾರಿಯಲ್ಲಿ ಮೂರು ತೆರೆದ ಮೋರಿಗಳು, ಒಂದು ಕಲ್ಲುಬೆಂಚು, ಹಾಗೂ ರೇಷ್ಮೆಹುಳು ಸಾಕುವ ಏಳು ಮನೆಗಳಿವೆ. ಮೊದಲು ಈ ಕೆಲಸವನ್ನು ಜವಾನ ಮುನಿವೆಂಕಟಪ್ಪನವರು ಮಾಡುತ್ತಿದ್ದರು. ಅವರ ಕೈಯಲ್ಲಿ ಸೋಮವಾರ ಹೊರಟ ಕಾಗದ ಬುಧವಾರ ಬರುತ್ತಿತ್ತು. ಅಷ್ಟರಲ್ಲಿ ಅದನ್ನು ಬರೆದದ್ದು ಏಕೆಂಬುದು ಬರೆದವರಿಗೆ ಮರೆತಿರುತ್ತಿತ್ತು.

ಬಾನು ಅವರು ಏಳನೇ ತರಗತಿಗೆ ಶಾಲೆ ಬಿಟ್ಟು, ದೊಡ್ಡಪ್ಪ ಕರೀಂ ಸಾಬರ ಕಾರ್ಖಾನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು. ಸೈಕಲ್ ಷಾಪಿನ ಗೋಡೆಗೆ ಅಂಟಿಸಿದ್ದ ಯಾವುದೋ ದೇಶದ ಕ್ಯಾಲೆಂಡರ್ ಹಾಳೆಯಲ್ಲಿ ಒಬ್ಬ ಹುಡುಗ ಸ್ಕೇಟ್‌ಬೋರ್ಡಿನ ಸಮೇತ ಮೆಟ್ಟಿಲುಗಳ ಮೇಲೆ ಹಾರುತ್ತಿದ್ದುದನ್ನು ಅವರು ನೋಡಿರುತ್ತಾರೆ. ಅವನು ಎಲ್ಲಿ ಇಳಿದನೆಂಬುದು ಚಿತ್ರದಲ್ಲಿ ಇರಲಿಲ್ಲ. ಅದೊಂದನ್ನು ತಿಳಿದುಕೊಳ್ಳಲು ಅವರು ಎರಡು ವರ್ಷ ಹಾಗೂ ಒಂದು ಮಣಿಕಟ್ಟನ್ನು ವ್ಯಯಿಸಿರುತ್ತಾರೆ. ಕಾರ್ಖಾನೆಯಲ್ಲಿ ಸವೆದು ಎಸೆದ ನಾಲ್ಕು ಬೇರಿಂಗುಗಳು, ಈ ಕಚೇರಿ ಹೊರಗೆಸೆದ ಬೆಂಚಿನ ಒಂದು ಹಲಗೆ, ಇಷ್ಟೇ ಅವರ ಬಂಡವಾಳ. ಕರೀಂ ಸಾಬರನ್ನು ವಿಚಾರಿಸಲಾಗಿ, “ಬ್ಯಾಡಾ ಬೇಟಿ ಅಂತ ಹೇಳಿದ್ದೀನಿ ಸಾರ್. ಹೂಂ ಅಂತಾಳೆ. ಅಷ್ಟು ಚೆನ್ನಾಗಿ ಹೂಂ ಅನ್ನೋ ಹುಡುಗಿನ ನಾನು ನೋಡೇ ಇಲ್ಲ. ಆಮೇಲೆ ಗರ್ರ್ ಅಂತ ಸೌಂಡು ಬರ್ತದೆ” ಎಂದು ತಿಳಿಸಿರುತ್ತಾರೆ.

ದಿನಾಂಕ ೧-೪-೧೯೮೬ರಂದು, ಪ್ರಭಾರ ಅಧಿಕಾರಿಗಳು ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದಾಗ ಸದರಿಯವರು ಎದುರಿನಿಂದ ಸರ್ರನೆ ಹಾದುಹೋದರು. ಪರೀಕ್ಷಾರ್ಥವಾಗಿ ಒಂದು ಕಾಗದ ಕೊಡಲಾಯಿತು. ಚಹಾ ಆರುವ ಮುನ್ನ ಕಾಗದ ಮೊಹರಿನೊಂದಿಗೆ ವಾಪಸು ಬಂತು. ಗಾಬರಿಗೊಂಡ ಅಧಿಕಾರಿಗಳು ಅಲ್ಲಿಯೇ ಅವರನ್ನು ದಿನಗೂಲಿಗೆ ತೆಗೆದುಕೊಂಡರು. ಹಲಗೆ ಓಡಿಸುವುದನ್ನೇ ಬದುಕು ಮಾಡಿಕೊಂಡವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಚಿಕ್ಕಬಳ್ಳಾಪುರ, ಗೌರಿಬಿದನೂರು ಮತ್ತು ಚಿಂತಾಮಣಿ ಕಚೇರಿಗಳಿಗೆ ಬರೆಯಲಾಗಿತ್ತು. ಮೂವರೂ ಇಲ್ಲವೆಂದಿದ್ದಾರೆ. ಗೌರಿಬಿದನೂರಿನವರು ಮಾತ್ರ, ಹೆಚ್ಚಿದ್ದಲ್ಲಿ ಒಬ್ಬರನ್ನು ಕಳಿಸಿಕೊಡುವಂತೆ ಕೋರಿದ್ದಾರೆ.

ಸದರಿಯವರದು ಮಾತು ಕಡಿಮೆ, ನೋಟ ಹೆಚ್ಚು. ಯಾವ ಹಸು ಯಾವ ಹೊತ್ತಿಗೆ ಎಲ್ಲಿ ಮಲಗುತ್ತದೆ, ಯಾವ ಮನೆಯವರು ನೋಡದೆ ನೀರು ಚೆಲ್ಲುತ್ತಾರೆ ಎಲ್ಲವೂ ಅವರಿಗೆ ಗೊತ್ತು. ಸಾಹೇಬರು ಓದದೆ ರುಜು ಮಾಡಿದ್ದನ್ನು ರುಜುವಿನ ಓರೆಯಿಂದಲೇ ಕಂಡುಹಿಡಿಯುತ್ತಾರೆಂಬ ಮಾತನ್ನು ಇಲಾಖೆ ಅಲ್ಲಗಳೆಯುತ್ತದೆ. ಈ ಸುತ್ತೋಲೆಗೆ ಮಾತ್ರ ಸ್ಕೇಲು ಇಟ್ಟುಕೊಂಡು ನೇರವಾಗಿ ರುಜು ಮಾಡಲಾಗಿದೆ.

ಖಾಯಂ ಆಗಬೇಕೆನ್ನುವುದಕ್ಕೆ ಕಾರಣ ಕೊಡಿರೆಂದು ಕೇಳಲಾಗಿ, ಅವರು ಅರ್ಧ ಹಾಳೆಯಲ್ಲಿ ಬರೆದುಕೊಟ್ಟಿರುವುದು: “ಸಾರ್, ಹತ್ತು ವರ್ಷದಿಂದ ಬರ್ತಾ ಇದ್ದೀನಿ. ನಾನು ಬಿದ್ದಿದ್ದೀನಿ, ಕಾಗದ ಬಿದ್ದಿಲ್ಲ. ದಿನಾ ಸಾಯಂಕಾಲ ‘ನಾಳೆ ಬರ್ಲಾ ಸಾರ್’ ಅಂತ ಕೇಳಬೇಕು. ನೀವು ಒಂದೊಂದು ಸಲ ಫೋನಲ್ಲಿ ಇರ್ತೀರ. ಆವಾಗ ನಿಂತ್ಕೊಂಡೇ ಇರ್ತೀನಿ. ಅದೊಂದು ನಿಂತ್ರೆ ಸಾಕು.”

ಈ ಹೇಳಿಕೆಯನ್ನು ಇಲಾಖೆ ಎರಡು ಸಲ ಓದಿ, ಒಂದು ಸಲ ಬೇಸರಪಟ್ಟಿದೆ. ಆದರೆ ಇಲಾಖೆಯೇ ಇಪ್ಪತ್ತೈದು ವರ್ಷದಿಂದ ತಾತ್ಕಾಲಿಕ. ಅಧಿಕಾರಿಗಳು ಹನ್ನೆರಡು ವರ್ಷದಿಂದ ಪ್ರಭಾರ. ಇಂಥವರು ಇನ್ನೊಬ್ಬರನ್ನು ಖಾಯಂ ಮಾಡುವುದು, ಬಾಡಿಗೆ ಮನೆಯವನು ಅದೇ ಮನೆಯನ್ನು ಪಕ್ಕದವರಿಗೆ ಬರೆದುಕೊಟ್ಟಂತೆ ಆಗುತ್ತದೆ. ಆದ್ದರಿಂದ ಕೆಳಕಂಡ ಕಂಡಿಕೆಗಳನ್ನು ಹೊರಡಿಸದೆ ಗತ್ಯಂತರವಿಲ್ಲವೆಂದು ತೀರ್ಮಾನಿಸಿ, ಈ ಮೂಲಕ ಎಲ್ಲರಿಗೂ ಸೂಚಿಸಲಾಗಿದೆ:

೧. ಸದರಿ ಹಲಗೆಯು ವಾಹನವೋ, ಪಾದರಕ್ಷೆಯೋ, ಪೀಠೋಪಕರಣವೋ ಎಂಬುದು ಇತ್ಯರ್ಥವಾಗಿಲ್ಲ. ಇತ್ಯರ್ಥವಾಗುವವರೆಗೆ ಮೂರೂ ಎಂದು ಭಾವಿಸತಕ್ಕದ್ದು. ವಾಹನವಾದ್ದರಿಂದ ಗಂಟೆ ಕಟ್ಟತಕ್ಕದ್ದು. ಪಾದರಕ್ಷೆಯಾದ್ದರಿಂದ ಕಚೇರಿಯ ಹೊರಗೆ ಬಿಡತಕ್ಕದ್ದು. ಪೀಠೋಪಕರಣವಾದ್ದರಿಂದ ಕಚೇರಿಯ ಹೊರಗೆ ಬಿಡತಕ್ಕದ್ದಲ್ಲ.

೨. ವೇಗ. ದಿನಗೂಲಿಯವರು ಖಾಯಂ ನೌಕರರಿಗಿಂತ ವೇಗವಾಗಿ ಚಲಿಸುವುದು ಶಿಸ್ತಿಗೆ ವಿರುದ್ಧ. ಇನ್ನು ಮುಂದೆ ಜವಾನ ಮುನಿವೆಂಕಟಪ್ಪನವರ ನಡಿಗೆಯನ್ನೇ ಪ್ರಮಾಣ ವೇಗವೆಂದು ಪರಿಗಣಿಸಲಾಗುವುದು. ಅವರು ಕೆಂಪು ಬಟ್ಟೆ ಹಿಡಿದು ಮುಂದೆ ನಡೆಯತಕ್ಕದ್ದು, ಸವಾರರು ಹಿಂದೆ ಬರತಕ್ಕದ್ದು. ಈ ಬಗ್ಗೆ ಮುನಿವೆಂಕಟಪ್ಪನವರು, “ನನ್ನ ಮಂಡಿ ನೋಡ್ಕೊಂಡು ಸರ್ಕಾರ ಸ್ಪೀಡು ಇಟ್ರೆ ದೇಶ ಎಲ್ಲಿಗೆ ಹೋಗ್ತದೆ ಸಾಮಿ? ನಾನು ಮಧ್ಯದಲ್ಲಿ ಕೂತ್ಕೊಂಡ್ರೆ ಆಯಮ್ಮನೂ ಕೂತ್ಕೋಬೇಕಾ?” ಎಂದು ಕೇಳಿರುತ್ತಾರೆ. ಪ್ರಶ್ನೆ ಯೋಗ್ಯವಾಗಿದೆ. ಕೂತುಕೊಳ್ಳತಕ್ಕದ್ದು.

೩. ಸಂಜ್ಞೆ. ಸವಾರರು ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟುವುದರಿಂದ ಅವರು ಯಾವ ಕಡೆ ತಿರುಗುತ್ತಾರೆಂದು ಸಾರ್ವಜನಿಕರಿಗೆ ತಿಳಿಯುತ್ತಿಲ್ಲ. ಎಡಕ್ಕೆ ತಿರುಗುವಾಗ ದುಪ್ಪಟ್ಟಾ ಎಡಕ್ಕೂ, ಬಲಕ್ಕೆ ತಿರುಗುವಾಗ ಬಲಕ್ಕೂ ಹಾರತಕ್ಕದ್ದು. ಗಾಳಿ ವಿರೋಧವಾಗಿದ್ದಲ್ಲಿ ಗಾಳಿ ತಿರುಗುವವರೆಗೆ ಕಾಯತಕ್ಕದ್ದು.

೪. ಬೀಳುವುದು. ಹತ್ತು ವರ್ಷಗಳಲ್ಲಿ ಸದರಿಯವರು ನಲವತ್ತೊಂದು ಸಲ ಬಿದ್ದಿದ್ದು, ಒಮ್ಮೆಯೂ ಪೂರ್ವಾನುಮತಿ ಪಡೆದಿರುವುದಿಲ್ಲ. ಇನ್ನು ಮುಂದೆ ಬೀಳಬೇಕಾದಲ್ಲಿ ಮೂರು ದಿನ ಮೊದಲೇ ಸ್ಥಳ, ಸಮಯ ಹಾಗೂ ಮುರಿಯಲಿರುವ ಮೂಳೆಯನ್ನು ನಮೂದಿಸಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ೧೯೮೯ರಲ್ಲಿ ಅಧಿಕಾರಿಗಳೇ ಕುತೂಹಲದಿಂದ ಹಲಗೆ ಹತ್ತಿ, ಎರಡು ಗಜ ಚಲಿಸಿ, ಮೂರು ವಾರ ಕುಳಿತುಕೊಳ್ಳಲಾರದೆ ಇದ್ದ ಪ್ರಕರಣಕ್ಕೆ ಈ ಕಂಡಿಕೆ ಅನ್ವಯಿಸುವುದಿಲ್ಲ. ಅದು ತಪಾಸಣೆ.

೫. ಗಾಳಿಯಲ್ಲಿದ್ದ ಅವಧಿ. ಮೋರಿ ಬಂದಾಗ ಸದರಿಯವರು ಹಲಗೆಯ ಬಾಲವನ್ನು ಒದ್ದು, ಮುಂಭಾಗ ಎತ್ತಿ, ಹಲಗೆಯ ಸಮೇತ ಆಚೆ ದಡಕ್ಕೆ ಹಾರುತ್ತಾರೆ. ಕಲ್ಲುಬೆಂಚಿನ ಅಂಚಿನ ಮೇಲೆ ಜಾರಿಕೊಂಡು ಹೋಗಿರುವುದನ್ನೂ ಕಂಡವರಿದ್ದಾರೆ. ಕಂಡವರು ಕೈ ತಟ್ಟಿರುವುದು ಇನ್ನೂ ಗಂಭೀರ. ಹಾರುವ ವೇಳೆ ಅವರ ಪಾದವಾಗಲಿ ಹಲಗೆಯಾಗಲಿ ಸರ್ಕಾರಿ ನೆಲದ ಮೇಲೆ ಇರುವುದಿಲ್ಲ. ನೆಲ ಬಿಟ್ಟವರು ಕರ್ತವ್ಯದ ಮೇಲಿರಲಾರರು. ಸಲಕ್ಕೆ ಅರ್ಧ ಸೆಕೆಂಡಿನಂತೆ, ದಿನಕ್ಕೆ ಹನ್ನೆರಡು ಸಲದಂತೆ, ಹತ್ತು ವರ್ಷಕ್ಕೆ ಒಟ್ಟು ನಾಲ್ಕು ಗಂಟೆ ನಲವತ್ತು ನಿಮಿಷ ಅವರು ಅನುಮತಿಯಿಲ್ಲದೆ ಗೈರುಹಾಜರಾಗಿದ್ದಾರೆ. ಇದು ಸೇವೆಯಲ್ಲಿ ವಿರಾಮ.

೬. ಏರು. ವೆಂಕಟರವಣಪ್ಪನವರ ಪೆನ್ಸಿಲ್ ಬರಹ ಹೀಗಿದೆ: “ಇಳಿಯುವಾಗ ಈಯಮ್ಮ ಹಲಗೆ ಮೇಲಿರ್ತಾರೆ, ಸರಿ. ಹತ್ತುವಾಗ ಹಲಗೆ ಈಯಮ್ಮನ ತಲೆ ಮೇಲಿರ್ತದೆ. ಹಂಗಾದ್ರೆ ಸವಾರಿ ಅರ್ಧವೇ ಆಯ್ತಲ್ಲಾ?” ಇದನ್ನು ಹತ್ತು ವರ್ಷ ಯಾರೂ ಗಮನಿಸದಿದ್ದುದಕ್ಕೆ ಇಲಾಖೆ ನಾಚಿದೆ. ಅದರಂತೆ ಇಳಿದ ಐದು ವರ್ಷ ಬಾನು ಅವರ ಸೇವೆಗೂ, ಹತ್ತಿದ ಐದು ವರ್ಷ ಹಲಗೆಯ ಸೇವೆಗೂ ಸೇರತಕ್ಕದ್ದು. ಹಲಗೆಯು ಮೂಲತಃ ಸರ್ಕಾರಿ ಬೆಂಚಾದ್ದರಿಂದ ಅದು ಮೊದಲೇ ಖಾಯಂ. ಖಾಲಿ ಇರುವ ಎರಡನೇ ಜವಾನರ ಹುದ್ದೆಗೆ ಅದು ಅರ್ಜಿ ಹಾಕಿಕೊಳ್ಳಬಹುದು. ಕನ್ನಡ ಓದು ಬರಹ ಬಂದಿರತಕ್ಕದ್ದು.

೭. ಹುಳುಗಳು. ಲಕ್ಷ್ಮಿದೇವಮ್ಮನವರ ದೂರು ಇಂತಿದೆ: “ಹುಳ ಜ್ವರಕ್ಕೆ ಕೂತವೆ, ಈ ಬಾನಮ್ಮ ಗಡಗಡ ಅಂತ ಹೋಗ್ತದೆ. ಒಳ್ಳೇ ಹುಡುಗೀನೇ ಕಣಪ್ಪಾ, ನನ್ ಸೊಪ್ಪಿನ ಮೂಟೆ ಎಷ್ಟು ಸಲ ಹಲಗೆ ಮೇಲೆ ತಂದ್ಕೊಟ್ಟವಳೆ. ಆದ್ರೂ ಹುಳ ಬೆಚ್ಚಿದ್ರೆ ಗೂಡು ಯಾರು ಕಟ್ತಾರೆ, ನಿಮ್ಮ ಆಫೀಸರ್ರಾ?” ಅಧಿಕಾರಿಗಳು ಗೂಡು ಕಟ್ಟುವುದಿಲ್ಲ. ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚಲು ಅಲುಗಾಡದೆ ಕೂರುವುದಕ್ಕೆ ಈ ಕಡೆ ಜ್ವರವೆನ್ನುತ್ತಾರೆ. ಆದಕಾರಣ ಏಳೂ ಮನೆಗಳ ಮುಂದೆ ನಿಂತು, ಹುಳುಗಳು ಎದ್ದಿವೆಯೆಂಬ ಬಗ್ಗೆ ಮನೆಯ ಹಿರಿಯ ಹೆಂಗಸಿನಿಂದ ಹೆಬ್ಬೆಟ್ಟಿನ ದೃಢೀಕರಣ ಪಡೆದ ಮೇಲೆಯೇ ಮುಂದೆ ಸಾಗತಕ್ಕದ್ದು. ಎದ್ದ ಹುಳುಗಳು ಸೊಪ್ಪು ತಿನ್ನುತ್ತಿದ್ದಲ್ಲಿ ಊಟದ ಮಧ್ಯೆ ಹಾದುಹೋಗುವುದು ಸಭ್ಯತೆಯಲ್ಲ. ಮುಗಿಯುವವರೆಗೆ ಕಾಯತಕ್ಕದ್ದು.

೮. ಜಾರಿ. ಈ ಸುತ್ತೋಲೆಯು ಕೆಳಗಿನ ಕಚೇರಿಯಲ್ಲಿ ಮೊಹರು ಬಿದ್ದ ಕ್ಷಣದಿಂದ ಜಾರಿಗೆ ಬರುತ್ತದೆ. ೩೧ ಭಾನುವಾರವಾದ್ದರಿಂದ, ಮೊಹರು ದಿನಾಂಕ ೩೦ರ ಶನಿವಾರ ಸಂಜೆ ಐದು ಗಂಟೆಯೊಳಗೆ ಬೀಳತಕ್ಕದ್ದು. ಬೀಳದಿದ್ದಲ್ಲಿ ಇದು ರದ್ದಾಗಿ, ಉಲ್ಲೇಖ ೧ರಂತೆ ಸದರಿಯವರು ತಾವಾಗಿಯೇ ಖಾಯಂ ಆಗುತ್ತಾರೆ. ಇನ್ನೂ ಹನ್ನೆರಡು ದಿನ ಇರುವುದರಿಂದ ಆತಂಕಕ್ಕೆ ಕಾರಣವಿಲ್ಲ. ನಾಲ್ಕು ನಿಮಿಷದ ದಾರಿ.

೯. ಸಾಗಣೆ. ಅಧಿಕಾರಿಗಳು ತಾವೇ ಕಾಗದ ಹಿಡಿದು ಬೀದಿಯಲ್ಲಿ ಇಳಿಯುವುದು ಹುದ್ದೆಯ ಘನತೆಗೆ ತಕ್ಕುದಲ್ಲ, ಹಾಗೂ ಕಂಡಿಕೆ ೪ರ ತಪಾಸಣೆಯ ನಂತರ ಇಳಿಜಾರೆಂದರೆ ಅವರಿಗೆ ಆಗುವುದಿಲ್ಲ. ಟಪಾಲು ಸಾಗಿಸುವ ಅಧಿಕಾರ ಬಾನು ಅವರೊಬ್ಬರಿಗೇ ಇರುವುದರಿಂದ, ಅವರೇ ಇದನ್ನು ತಲುಪಿಸತಕ್ಕದ್ದು. ತಮಗೆ ವಿರುದ್ಧವಾದ ಕಾಗದವೆಂದು ಅವರು ಹಿಂದೆಗೆಯಬಾರದು. ಹಿಂದೆಗೆಯಲಾರರು ಎಂಬ ನಂಬಿಕೆ ಇಲಾಖೆಗಿದೆ. ಹತ್ತು ವರ್ಷದ ದಾಖಲೆ ಹಾಗೆಯೇ ಇದೆ.

೧೦. ಮೇಲಿನ ಕಂಡಿಕೆಗಳು ಉಳಿದೆಲ್ಲರಿಗೆ ಮೊಹರು ಬಿದ್ದ ಮೇಲೆ ಅನ್ವಯಿಸಿದರೂ, ಶಿಸ್ತಿನ ದೃಷ್ಟಿಯಿಂದ ಸವಾರರಿಗೆ ಮಾತ್ರ ಈ ಕ್ಷಣದಿಂದಲೇ, ಇದೇ ಸವಾರಿಯಿಂದಲೇ, ಚಾಚೂ ತಪ್ಪದೆ ಅನ್ವಯಿಸುತ್ತವೆ. ಇದನ್ನು ಸೇರಿಸಿದ್ದು ಅಧಿಕಾರಿಗಳ ಸ್ವಂತ ಬುದ್ಧಿಯಿಂದ.

(ರುಜು, ನೇರವಾಗಿ)
ಪ್ರಭಾರ ಅಧಿಕಾರಿಗಳು
ಹೆಸರು ಪರಿಶೀಲನೆಯಲ್ಲಿರುವ ಇಲಾಖೆ

ಪ್ರತಿಗಳು:
೧. ಕೆಳಗಿನ ಕಚೇರಿಗೆ, ಮೊಹರಿಗಾಗಿ. ಬಾನು ಅವರ ಕೈಯಲ್ಲಿ.
೨. ಚಿಕ್ಕಬಳ್ಳಾಪುರ, ಚಿಂತಾಮಣಿ ಕಚೇರಿಗಳಿಗೆ, ಮಾಹಿತಿಗಾಗಿ.
೩. ಗೌರಿಬಿದನೂರು ಕಚೇರಿಗೆ, ಆಸೆ ಬಿಡುವುದಕ್ಕಾಗಿ.
೪. ಮುನಿವೆಂಕಟಪ್ಪ, ಜವಾನರು, ಇವರಿಗೆ. ಮುಂದೆ ನಡೆಯಲು.
೫. ಲಕ್ಷ್ಮಿದೇವಮ್ಮನವರಿಗೆ. ಉಳಿದ ಆರು ಮನೆಗಳಿಗೆ ಓದಿಸಿ ಹೇಳಲು.
೬. ಹಲಗೆಗೆ. ಹೊಟ್ಟೆಯ ಮೇಲೆ ಅಂಟಿಸಲು.

(ಮೊದಲನೆಯ ಪ್ರತಿಯ ಹಿಂಬದಿಯಲ್ಲಿ, ಮುನಿವೆಂಕಟಪ್ಪನವರ ಕೈಬರಹದಲ್ಲಿ:)

ಸಾಮಿ, ಹದಿನೆಂಟನೇ ತಾರೀಕು ಹನ್ನೊಂದು ಗಂಟೆಗೆ ಹೊರಟ್ವಿ. ಹುಡುಗಿ ಕಾಗದ ಪೂರಾ ಓದ್ತು. ಹಲಗೆಗೆ ಗಂಟೆ ಕಟ್ಕೊಂಡು ನನ್ನ ಹಿಂದೆ ಬಂತು. ಮೊದಲ್ನೇ ಮೋರಿ ಹತ್ರ ನನ್ನ ಮಂಡಿ ಹಿಡ್ಕೊಳ್ತು. ಎರಡನೇ ಕಂಡಿಕೆ ಪ್ರಕಾರ ಇಬ್ರೂ ಕೂತ್ವಿ. ಮಧ್ಯ ಯುಗಾದಿ ಬಂತು, ಲಕ್ಷ್ಮಿದೇವಮ್ಮ ಕೂತಿದ್ದಲ್ಲಿಗೇ ಒಬ್ಬಟ್ಟು ಕಳಿಸಿದ್ರು. ಇಪ್ಪತ್ತಮೂರಕ್ಕೆ ಮಂಡಿ ಬಿಡ್ತು. ಆಮೇಲೆ ಎರಡು ದಿನ ಗಾಳಿ ಉಲ್ಟಾ ಇತ್ತು, ದುಪ್ಪಟ್ಟಾ ಎಡಕ್ಕೆ ಹಾರ್ಲಿಲ್ಲ. ಆರು ಮನೆ ಹೆಬ್ಬೆಟ್ಟು ಹಾಕಿಸ್ಕೊಂಡು ಏಳನೇದು ಲಕ್ಷ್ಮಿದೇವಮ್ಮನ ಮನೆಗೆ ಬಂದಾಗ ಇಪ್ಪತ್ತೊಂಬತ್ತು. ಅವರ ಹುಳ ಜ್ವರಕ್ಕೆ ಕೂತಿದ್ವು. ‘ಇನ್ನೂ ಎದ್ದಿಲ್ಲ ಕಣಪ್ಪಾ. ಒಂದನೇ ತಾರೀಕು ಆಫೀಸು ತೆಗೆಯೋ ಹೊತ್ಗೆ ಏಳ್ತವೆ’ ಅಂದ್ರು. ಹುಡುಗಿ ನನ್ನ ಮುಖ ನೋಡ್ತು. ನಾನು ಮೋರಿ ನೋಡ್ದೆ. ಹುಳಕ್ಕೆ ತಾರೀಕು ಹೆಂಗೆ ಗೊತ್ತಾಯ್ತು ಅಂತ ಇಬ್ರೂ ಕೇಳ್ಲಿಲ್ಲ.

(ಅದರ ಕೆಳಗೆ, ಕೆಳಗಿನ ಕಚೇರಿಯ ಮೊಹರು:)

ಸ್ವೀಕರಿಸಲಾಗಿದೆ. ೧-೪-೧೯೯೬, ಬೆಳಿಗ್ಗೆ ೧೦.೪೦.
ಸ್ಥಿತಿ: ಕಾಗದ ಒದ್ದೆಯಾಗಿಲ್ಲ, ಮಡಿಕೆ ಬಿದ್ದಿಲ್ಲ.
ತಲುಪಿಸಿದವರು: ಬಾನು, ಟಪಾಲು ಸವಾರರು, ಖಾಯಂ.